ತಮಟೆಯ ಪಕ್ಕ ಗಿಟಾರು

ಪಾಂಡವಪುರದ ಕಡೆ ರೈತರ ಸಭೆ ಎಂದರೆ ಭಾಷಣಕ್ಕೆ ಮೊದಲು ಹಾಡು. ಮೈಕಿನವನು ‘ಹಲೋ, ಹಲೋ’ ಎನ್ನುತ್ತಿರುವಾಗಲೇ ವೇದಿಕೆಯ ಹಿಂದೆ ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿರುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ, ಸಾಲದೆನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಕಾಯಿಸುವವರಿಗೆ ಅರವತ್ತು ದಾಟಿರುತ್ತದೆ. ಪಕ್ಕದಲ್ಲಿ ಗಿಟಾರಿನ ಕಿವಿ ತಿರುಗಿಸುತ್ತ ಕೂತ ಹುಡುಗ ಇನ್ನೂ ಕಾಲೇಜಿನವನು. ಇಬ್ಬರೂ ನೋಡುತ್ತಿರುವುದು ಬಿಗಿಯನ್ನೇ.

ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿನಲ್ಲಿ ನಡೆಯುವ ‘ರೆಬೆಲಿಯನ್’ ಪಂಕ್ ಸಂಗೀತ ಉತ್ಸವದಲ್ಲೂ ಹೀಗೇ ಎರಡು ತಲೆಮಾರು ಒಂದೇ ಪಟ್ಟಿಯಲ್ಲಿರುತ್ತವೆ. ಯುಕೆ ಸಬ್ಸ್ ತಂಡದ ಹಾಡುಗಾರ ಚಾರ್ಲಿ ಹಾರ್ಪರ್ ಹುಟ್ಟಿದ್ದು 1944ರಲ್ಲಿ. ಮೊಮ್ಮಕ್ಕಳ ವಯಸ್ಸಿನ ತಂಡಗಳ ನಡುವೆ ಆತ ಕಿರುಚಿ ಹಾಡಿದ್ದು ಸನ್ಮಾನದ ಶಾಲು ಹೊದ್ದುಕೊಂಡಲ್ಲ.

ನಮ್ಮಲ್ಲಿ ಪಂಕ್ ಇರಲಿಲ್ಲ ಎನ್ನುವವರು ಬೆಂಗಳೂರಿನ ಅರಮನೆ ಮೈದಾನದ ರಾಕ್ ಕಛೇರಿಗಳನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ. ಪಂಕಿನ ನಿಜವಾದ ದಾಯಾದಿ ಇದ್ದದ್ದು ಬೀದಿಯಲ್ಲಿ. ಸೆಕ್ಸ್ ಪಿಸ್ಟಲ್ಸ್ ಪಂಕ್ ತಂಡದ ಮೊದಲ ಹಾಡು ಬಂದದ್ದು 1976ರ ನವೆಂಬರಿನಲ್ಲಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕವನ ಸಂಕಲನ ಅದಕ್ಕೂ ಒಂದು ವರ್ಷ ಮುಂಚೆ, 1975ರಲ್ಲಿ. ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಂತ್ರಿ ಬಸವಲಿಂಗಪ್ಪನವರ ಮಾತಿನ ಗಲಾಟೆ 1973ರದು. ಆಮೇಲೆ ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ, 1975ರಲ್ಲಿ ‘ಸಮುದಾಯ’ ರಂಗತಂಡ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ, 1980ರಲ್ಲಿ ರೈತ ಸಂಘ ಒಂದರ ಹಿಂದೊಂದು ಬಂದವು. ಲಂಡನ್ನಿನ ಹುಡುಗರು ಜೆರಾಕ್ಸ್ ಪತ್ರಿಕೆ ಹಂಚಿದರೆ ಇಲ್ಲಿನವರು ಸೈಕ್ಲೋಸ್ಟೈಲ್ ಹಾಳೆ ಹಂಚಿದರು. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಅವರ ಕಂಠದಿಂದ ಚಳವಳಿಯ ಹಾಡುಗಳು ಊರೂರಿಗೆ ಹೋದವು. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಕ್ಯಾತನಹಳ್ಳಿಯ ಸುತ್ತ ಹಸಿರು ಟವೆಲ್ಲಿನ ಜೊತೆಗೆ ಹಾಡೂ ಮನೆಮಾತಾಯಿತು. ಶ್ರುತಿ ತಪ್ಪಿದರೆ ಯಾರೂ ಬೈಯುತ್ತಿರಲಿಲ್ಲ. ದನಿ ಇಳಿದರೆ ಬೈಯುತ್ತಿದ್ದರು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಗಿಟಾರನ್ನು ಲಂಡನ್ನಿನ ಹುಡುಗರು ತಾವಾಗಿ ಹಿಡಿದರು, ತಮಟೆಯನ್ನು ಜಾತಿ ಹೊರಿಸಿತು. ಊರಲ್ಲಿ ಸಾವಾದರೂ ಹಬ್ಬವಾದರೂ ಬಡಿಯಲೇಬೇಕು, ಬಡಿದವನು ಗುಡಿಯ ಹೊರಗೇ ನಿಲ್ಲಬೇಕು. ಹಾಗಾಗಿ ಚಳವಳಿಯ ದಿನಗಳಲ್ಲಿ ಎಷ್ಟೋ ಕೇರಿಗಳು ‘ಇನ್ನು ಬಡಿಯಲ್ಲ’ ಎಂದವು. ಅದೇ ಚಳವಳಿ ಅದೇ ತಮಟೆಯನ್ನು ಮೆರವಣಿಗೆಯ ಮುಂದಕ್ಕೂ ತಂದಿತು. ಬಿಟ್ಟವರದೂ ಸರಿ, ಹಿಡಿದವರದೂ ಸರಿ; ಈ ಜಗಳ ಇನ್ನೂ ಮುಗಿದಿಲ್ಲ. 2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಎಷ್ಟು ಮನೆಗಳಲ್ಲಿ ಹೆಮ್ಮೆಯೂ ಹಳೇ ನೋವೂ ಒಟ್ಟಿಗೇ ಎದ್ದಿರಬೇಡ!

ಹೊಸಬರ ದಾರಿ ಬೇರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂರಿಸಿ 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋದರು. ಅವರ ತಮ್ಮ ವಾಸು ಇದ್ದ ‘ಸ್ವರಾತ್ಮ’ ತಂಡ ಕಾವೇರಿ ಜಗಳವನ್ನೇ ‘ಪ್ಯಾಸಿ’ ಎಂದು ಹಾಡಿತು. ನನಗೆ ಇವರ ಸಂಗೀತ ಇಷ್ಟ, ಆದರೆ ಇಸ್ತ್ರಿ ಕೊಂಚ ಜಾಸ್ತಿಯಾಯಿತು ಅನಿಸುತ್ತದೆ. ಒರಟುತನ ಈಗ ಉಳಿದಿರುವುದು ಕನ್ನಡ ರ‍್ಯಾಪಿನ ಹುಡುಗರಲ್ಲಿ. ಅವರೂ ತಮಟೆಯ ಏಟನ್ನು ಕಂಪ್ಯೂಟರಿಗೆ ತುಂಬಿಕೊಂಡಿದ್ದಾರೆ, ಬಡಿದವರ ಹೆಸರು ಕೇಳಿಕೊಂಡರೋ ಇಲ್ಲವೋ.

ಹೆಸರೆಂದರೆ ನೆನಪಾಯಿತು. ಬ್ಲ್ಯಾಕ್‌ಪೂಲಿನ ಪೋಸ್ಟರಿನಲ್ಲಿ ತುಂಬಿರುವುದು ತಂಡಗಳ ಹೆಸರೇ. ಇತ್ತ, 1610ರಲ್ಲಿ ಒಡೆಯರ ದಸರಾ ಶುರುವಾದ ಶ್ರೀರಂಗಪಟ್ಟಣದಲ್ಲಿ ಈಗಲೂ ದಸರಾ ವೇದಿಕೆ ಏಳುತ್ತದೆ. ಪೂಜಾ ಕುಣಿತ, ಡೊಳ್ಳು, ಸಿನಿಮಾ ಹಾಡಿನ ಆರ್ಕೆಸ್ಟ್ರಾ ಎಲ್ಲಕ್ಕೂ ಜಾಗವಿದೆ. ಇಂಥ ಯಾವುದೇ ಸರ್ಕಾರಿ ಉತ್ಸವದ ಆಹ್ವಾನಪತ್ರಿಕೆ ತೆಗೆದು ನೋಡಿ: ಮಂತ್ರಿಗಳು, ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು. ಪುಟ ತಿರುಗಿಸಿದರೆ ತಂಡದ ಮುಖ್ಯಸ್ಥರದೊಂದು ಹೆಸರು, ಅದರ ಬಾಲಕ್ಕೆ ‘ಮತ್ತು ಸಂಗಡಿಗರು’. ಹುಲ್ಲಿಗೆ ಬೆಂಕಿ ಹಚ್ಚಿದ ಆ ಅರವತ್ತರ ಯಜಮಾನರು ಇರುವುದು ಆ ಎರಡು ಪದಗಳಲ್ಲೇ.