ಫ್ರೆಂಚ್ ಸ್ವಂತವಾಗಿ ಕಲಿಯೋರು ಎಡವುವುದೆಲ್ಲಿ?

ಮೇಷ್ಟ್ರಿಲ್ಲದೆ ಫ್ರೆಂಚ್ ಕಲಿಯಲು ಹೊರಟ ಕನ್ನಡಿಗರು ಮೊದಲು ಎಡವುವುದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ ಎರಡೂ ‘ಅದು’. ಫ್ರೆಂಚ್ ನಾಮಪದಗಳಲ್ಲಿ ನಪುಂಸಕಲಿಂಗವೇ ಇಲ್ಲ. ಮೇಜು ಹೆಣ್ಣು (ಲಾ ತಾಬ್ಲ್), ಪುಸ್ತಕ ಗಂಡು (ಲ ಲೀವ್ರ್). ಅದೇ ಲೀವ್ರ್‌ಗೆ ‘ಲಾ’ ಸೇರಿಸಿದರೆ ಅರ್ಧ ಕಿಲೋ ತೂಕವೋ, ಬ್ರಿಟನ್ನಿನ ಪೌಂಡೋ ಆಗಿಬಿಡುತ್ತದೆ! ಹಾಗಾಗಿ ಬರೀ ಪದ ಬರೆದುಕೊಳ್ಳಬೇಡಿ. ಲ, ಲಾ ಸಮೇತ ಬಾಯಿಪಾಠ ಮಾಡಿ. ಸ್ವರದಿಂದ ಶುರುವಾಗುವ ಪದಗಳಿಗೆ ಎರಡೂ ಕುಗ್ಗಿ ಒಂದೇ ಆಗುತ್ತವೆ, ಅಲ್ಲಿ ‘ಅಂ’, ‘ಯೂನ್’ ಹಚ್ಚಿ ಕಲಿಯಿರಿ. ‘ಸಿಯೊಂ’ ಎಂದು ಮುಗಿಯುವ ಪದಗಳು ಬಹುತೇಕ ಹೆಣ್ಣು, ‘ಮಾಂ’ ಎಂದು ಮುಗಿಯುವವು ಬಹುತೇಕ ಗಂಡು.

ಇಂಗ್ಲಿಷ್ ಗೊತ್ತಿದ್ದರೆ ಪದಸಂಪತ್ತು ಬೇಗ ಬೆಳೆಯುತ್ತೆ, ಆದರೆ ‘ಲಿಬ್ರೇರಿ’ ಅಂದ್ರೆ ಲೈಬ್ರರಿ ಅಲ್ಲ, ಪುಸ್ತಕದಂಗಡಿ.

ಇನ್ನು ಕ್ರಿಯಾಪದ. ಕನ್ನಡದಲ್ಲಿ ‘ಮಾತಾಡ್ತೀನಿ’ ಅಂದರೆ ಸಾಕು, ಯಾರು ಅಂತ ಕೊನೆಯ ಪ್ರತ್ಯಯವೇ ಹೇಳುತ್ತೆ. ಫ್ರೆಂಚಿನಲ್ಲಿ ನಾನು, ನೀನು, ಅವರು ಮಾತಾಡುವುದಕ್ಕೆ ಬರಹದಲ್ಲಿ ಮೂರು ರೂಪ. ಕಿವಿಗೆ ಮೂರೂ ಒಂದೇ, ‘ಪಾರ್ಲ್’. ಆದ್ದರಿಂದ ಝ, ತ್ಯು, ಇಲ್ ಎಂಬ ಸರ್ವನಾಮಗಳನ್ನು ಬಿಡುವಂತಿಲ್ಲ.

ಇದು ಪುಸ್ತಕ ಓದಿದರೆ ತಿಳಿಯುತ್ತದೆ, ಕಿವಿಗೆ ಹತ್ತುವುದಿಲ್ಲ. ಆರ್‌ಎಫ್‌ಐ ರೇಡಿಯೊ ಸುಲಭ ಫ್ರೆಂಚಿನಲ್ಲಿ ಕೊಡುವ 10 ನಿಮಿಷದ ವಾರ್ತೆಯನ್ನು ದಿನವೂ ಕೇಳಿ, ಜೋರಾಗಿ ಹಿಂದೆಯೇ ಹೇಳಿ. ಕೆನಡಾ ವಲಸೆಗಾಗಿ ಕಲಿಯುವವರಿಗಂತೂ ಇದು ಬಿಡುವಂಥದ್ದಲ್ಲ: ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಫ್ರೆಂಚಿನ ಹೆಚ್ಚುವರಿ ಅಂಕ ಸಿಗಬೇಕಾದರೆ ಓದು, ಬರಹದ ಜತೆ ಕೇಳುವಿಕೆ, ಮಾತು ಎರಡರಲ್ಲೂ ಎನ್‌ಸಿಎಲ್‌ಸಿ 7ನೇ ಮಟ್ಟ ಮುಟ್ಟಲೇಬೇಕು.