ಸ್ವಾತಿ–ವಿಶಾಖಾ ಮಳೆಯ ವಾರ: ಮುಂಡಾಜೆ ಪರಿಸರದ ಕೃಷಿಕರು ಹವಾಮಾನ ಮುನ್ಸೂಚನೆಯನ್ನು ಓದಬೇಕಾದ ಬಗೆ

ನವೆಂಬರ್ ಮೊದಲ ವಾರವು ಬೆಳ್ತಂಗಡಿ, ಬಂಟ್ವಾಳ ಹಾಗೂ ಮೂಡುಬಿದಿರೆ ಭಾಗಗಳಲ್ಲಿ ಸ್ವಾತಿ ಮಳೆ ಮುಗಿದು ವಿಶಾಖಾ ಮಳೆ ಆರಂಭವಾಗುವ ಕಾಲ. ನೈರುತ್ಯ ಮುಂಗಾರು ದೇಶದಿಂದ ಪೂರ್ಣವಾಗಿ ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 15. ಆ ಬಳಿಕ ಡಿಸೆಂಬರ್ ಅಂತ್ಯದವರೆಗೆ ಬೀಳುವ ಮಳೆಯು ಜಿಲ್ಲೆಯ ವಾರ್ಷಿಕ ಮಳೆಯ ಹತ್ತನೆಯ ಒಂದಂಶವನ್ನೂ ಮುಟ್ಟುವುದಿಲ್ಲ. ಆದರೂ ಇದೇ ವಾರಗಳಲ್ಲಿ ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿರುತ್ತದೆ, ಏಣೆಲು ಭತ್ತ ಗದ್ದೆಯಲ್ಲಿ ಮಾಗಿರುತ್ತದೆ. ಜುಲೈಯಲ್ಲಿ 100 ಮಿ.ಮೀ. ಮಳೆಯನ್ನು ಗಮನಿಸದೆ ಕಳೆಯುವ ಕೃಷಿಕರಿಗೆ ಈಗ 10 ಮಿ.ಮೀ. ಮಳೆಯೂ ಭಾರವಾಗಬಲ್ಲದು. ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 200 ಚದರ ಮೀಟರ್ ಅಂಗಳದ ಮೇಲೆ ಹತ್ತು ಮಿ.ಮೀ. ಸುರಿದರೆ 2,000 ಲೀಟರ್.

ಈ ಅವಧಿಯ ಮಳೆಯ ಸ್ವಭಾವವನ್ನು ಮೊದಲು ತಿಳಿಯಬೇಕು. ಮುಂಗಾರಿನ ಮೋಡ ಸಮುದ್ರದಿಂದ ಬರುತ್ತದೆ, ಹೊತ್ತುಗೊತ್ತಿಲ್ಲದೆ ಸುರಿಯುತ್ತದೆ. ಬೊಂತೆಲ್ ತಿಂಗಳ ಮಳೆ ಹಾಗಲ್ಲ. ಬೆಳಗ್ಗೆ ಆಕಾಶ ಶುಭ್ರವಾಗಿರುತ್ತದೆ. ಬಿಸಿಲಿಗೆ ನೆಲ ಕಾಯುತ್ತದೆ. ಕಡಲ ಕಡೆಯ ತೇವದ ಗಾಳಿ ಘಟ್ಟದ ಇಳಿಜಾರಿಗೆ ತಾಗಿ ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಘಟ್ಟದ ನೆತ್ತಿಯಲ್ಲಿ ಗುಡುಗು ಮೋಡ ಕಟ್ಟುತ್ತದೆ. ಮೇಲ್ಮಟ್ಟದಲ್ಲಿ ಮೂಡಣ ಗಾಳಿಯಿದ್ದರೆ ಆ ಮೋಡವು ಪಶ್ಚಿಮಕ್ಕೆ ಜರುಗುತ್ತದೆ. ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಮುಂಡಾಜೆಗೆ ಅದು ಮೊದಲು ತಲುಪುತ್ತದೆ. ಬಂಟ್ವಾಳ, ಮೂಡುಬಿದಿರೆಗಳಿಗೆ ತಡವಾಗಿ ತಲುಪಬಹುದು, ದಾರಿಯಲ್ಲೇ ಕರಗಿಯೂ ಹೋಗಬಹುದು. ಆದ್ದರಿಂದ ಇಡೀ ಜಿಲ್ಲೆಗೆ ನೀಡಿದ ಒಂದೇ ವಾಕ್ಯದ ಮುನ್ಸೂಚನೆಯನ್ನು ಮೂರೂ ಕಡೆಯವರು ಒಂದೇ ರೀತಿ ಓದುವುದು ಸರಿಯಲ್ಲ. ಘಟ್ಟದ ಬುಡದವರು ಅಪರಾಹ್ನದ ಕೆಲಸವನ್ನು ಇತರರಿಗಿಂತ ಮುಂಚಿತವಾಗಿ ಮುಗಿಸುವ ಲೆಕ್ಕ ಇಟ್ಟುಕೊಳ್ಳಬೇಕು.

ಮುನ್ಸೂಚನೆಯ ಪದಗಳ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕಂಡುಬರುತ್ತದೆ. ಭಾರತೀಯ ಹವಾಮಾನ ಇಲಾಖೆಯ ವಾಕ್ಯದಲ್ಲಿ ಎರಡು ಬೇರೆ ಅಳತೆಗಳಿರುತ್ತವೆ. ‘ಒಂದೆರಡು ಕಡೆ’ ಎಂದರೆ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ, ‘ಕೆಲವೆಡೆ’ ಎಂದರೆ ಶೇ. 26ರಿಂದ 50, ‘ಹಲವೆಡೆ’ ಎಂದರೆ ಶೇ. 51ರಿಂದ 75 ಕೇಂದ್ರಗಳಲ್ಲಿ ಮಳೆ ಎಂದರ್ಥ. ಇದು ವ್ಯಾಪ್ತಿಯ ಮಾತು. ‘ಹಗುರ’ (15.5 ಮಿ.ಮೀ.ವರೆಗೆ), ‘ಸಾಧಾರಣ’ (15.6ರಿಂದ 64.4), ‘ಭಾರಿ’ (64.5ರಿಂದ 115.5) ಎಂಬುವು ಪ್ರಮಾಣದ ಮಾತು. ‘ಒಂದೆರಡು ಕಡೆ ಭಾರಿ ಮಳೆ’ ಎಂದಾಗ ‘ಒಂದೆರಡು’ ಎಂಬ ಪದ ಕೇಳಿ ನಿಶ್ಚಿಂತರಾಗುವವರು ಹಲವರು. ಆ ಒಂದೆರಡರಲ್ಲಿ ನಿಮ್ಮ ಊರೂ ಇರಬಹುದು.

ಯಾವ ನಿರ್ಧಾರಕ್ಕೆ ಯಾವ ಮುನ್ಸೂಚನೆ ಎಂಬುದೂ ಮುಖ್ಯ. ಪ್ರತಿ ಗುರುವಾರ ಪ್ರಕಟವಾಗುವ ಮುಂದಿನ ವಾರಗಳ ಮುನ್ನೋಟವು ಕೊಯ್ಲಿಗೆ ಜನ ಗೊತ್ತುಮಾಡಲು, ಕಟಾವು ಯಂತ್ರ ಕಾಯ್ದಿರಿಸಲು ಉಪಯುಕ್ತ. ಅದರಲ್ಲಿ ದಿನ, ಹೊತ್ತುಗಳನ್ನು ಹುಡುಕಬಾರದು. ಮಂಗಳವಾರ ಮತ್ತು ಶುಕ್ರವಾರ ಗ್ರಾಮೀಣ ಕೃಷಿ ಮೌಸಮ್ ಸೇವೆಯಡಿ ಹೊರಡುವ ಐದು ದಿನಗಳ ಕೃಷಿ ಹವಾಮಾನ ವರದಿಯು ಸಿಂಪರಣೆ, ಗೊಬ್ಬರ, ಕಟಾವಿನ ದಿನ ನಿಶ್ಚಯಿಸಲು ತಕ್ಕದ್ದು. ‘ಮೇಘದೂತ್’ ಆ್ಯಪ್‌ನಲ್ಲಿ ಇದು ಕನ್ನಡದಲ್ಲೇ ಲಭ್ಯ. ಅಂಗಳದ ಅಡಿಕೆಗೆ ಮಾತ್ರ ಮುಂದಿನ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆಯೇ ಆಧಾರ. ಐದು ದಿನಗಳ ವರದಿ ನೋಡಿ ಅಂಗಳ ಮುಚ್ಚಲು ಹೊರಟವರು ಒಂದೋ ವೃಥಾ ದುಡಿಯುತ್ತಾರೆ, ಇಲ್ಲವೇ ಅಡಿಕೆ ನೆನೆಸಿಕೊಳ್ಳುತ್ತಾರೆ.

ಚಾಲಿ ಅಡಿಕೆಗೆ ಸುಮಾರು 35ರಿಂದ 40 ದಿನಗಳ ಒಳ್ಳೆಯ ಬಿಸಿಲು ಬೇಕು. ಕೊಯ್ದು ಎರಡು ಮೂರು ದಿನವಾದ ಹಣ್ಣಡಿಕೆಯಲ್ಲಿ ನೀರಿನಂಶ ಹೇಗೂ ಹೆಚ್ಚು. ಒಂದು ಸಂಜೆಯ ಮಳೆಯಿಂದ ಅದಕ್ಕೆ ಆಗುವ ಹಾನಿ ಅಲ್ಪ. ಅರ್ಧ ಒಣಗಿದ ಅಡಿಕೆಯ ಸಿಪ್ಪೆಯಾದರೋ ನೀರನ್ನು ಹೀರಿ ಹಿಡಿದಿಡುತ್ತದೆ, ಒಳಗೆ ಬೂಷ್ಟು ಹಿಡಿದು ತಿರುಳಿನ ಬಣ್ಣ ಕೆಡುತ್ತದೆ. ಮಾರಾಟದ ದಿನ ಆ ಅಡಿಕೆ ಕರಿಗೋಟಿನ ರಾಶಿಗೆ ಬೀಳುತ್ತದೆ. ಟರ್ಪಾಲು ಸಾಲದಾದಾಗ ಎರಡು ಮೂರು ವಾರ ಒಣಗಿದ ಅಡಿಕೆಯನ್ನೇ ಮೊದಲು ಮುಚ್ಚಿರಿ. ಹೊಸ ಅಡಿಕೆಯನ್ನು ಮೊದಲು ಮುಚ್ಚುವ ರೂಢಿ ಕೆಲವೆಡೆ ಇದೆ; ಅದನ್ನು ಬಿಡುವುದು ಒಳಿತು.

ಮುಚ್ಚುವುದಕ್ಕೆ ಇಬ್ಬರ ಅರ್ಧ ಗಂಟೆಯ ದುಡಿಮೆ ಸಾಕು, ನೆನೆದರೆ ದರ್ಜೆಯೇ ಹೋಗುತ್ತದೆ. ಆದ್ದರಿಂದ ಮಳೆಯ ಸಂಭವ ನಾಲ್ಕರಲ್ಲಿ ಒಂದು ಪಾಲು ಇದ್ದರೂ ಮುಂಡಾಜೆಯಂಥ ಕಡೆ ಅಪರಾಹ್ನ ಎರಡು ಗಂಟೆಯೊಳಗೆ ಟರ್ಪಾಲು ಸಿದ್ಧವಿರಲಿ. ಕಾದ ಅಡಿಕೆಯ ಮೇಲೆ ನೇರವಾಗಿ ಹೊದಿಸಿದರೆ ಅದರ ಆವಿಯೇ ಹಾಳೆಯ ಅಡಿಯಲ್ಲಿ ನೀರಾಗಿ ತೊಟ್ಟಿಕ್ಕುತ್ತದೆ; ನಡುವೆ ಬಿದಿರು ಅಥವಾ ಅಡಿಕೆ ಸಲಾಕೆಯ ಏಣು ಕಟ್ಟಿ ಇಳಿಜಾರು ಕೊಡಿ, ಬೆಳಗ್ಗೆ ಬಿಸಿಲು ಬಿದ್ದೊಡನೆ ತೆಗೆಯಿರಿ. ಪಾರದರ್ಶಕ ಹಾಳೆಯ ಸೋಲಾರ್ ಗೂಡು ಇರುವವರಿಗೆ ಈ ಪಾಡಿಲ್ಲ. ಆದರೆ ಗಾಳಿಯಾಡುವ ಕಿಂಡಿಗಳನ್ನು ಹಗಲಿಡೀ ಮುಚ್ಚಿಟ್ಟರೆ ಅಲ್ಲಿಯೂ ಬೂಷ್ಟು ತಪ್ಪದು.

ಸಿಂಪರಣೆಯ ಲೆಕ್ಕ ಬೇರೆ. ಇಲ್ಲಿ ಔಷಧ ತೊಳೆದುಹೋದರೆ ಪೂರ್ತಿ ಖರ್ಚೇ ನಷ್ಟ. ಈ ವಾರಗಳಲ್ಲಿ ಮುಂಜಾನೆಯ ನಾಲ್ಕೈದು ಗಂಟೆ ಸಾಮಾನ್ಯವಾಗಿ ಒಣಗಿರುವುದರಿಂದ ಇಬ್ಬನಿ ಆರಿದ ಮೇಲೆ ಆರಂಭಿಸಿ ಹನ್ನೊಂದರೊಳಗೆ ಮುಗಿಸಿರಿ. ಎಲೆಚುಕ್ಕಿ ರೋಗ ಕಂಡ ತೋಟಗಳಲ್ಲಿ ಹೆಚ್ಚು ಬಾಧಿತ ಸೋಗೆಗಳನ್ನು ತೆಗೆದು ಸುಟ್ಟು, ಪ್ರೊಪಿಕೊನಜೋಲ್ 25 ಇ.ಸಿ.ಯನ್ನು ಲೀಟರಿಗೆ 1 ಮಿ.ಲೀ.ನಂತೆ ಬೆರೆಸಿ ಸಿಂಪಡಿಸಬಹುದು. ಮಳೆ ದಿನಗಟ್ಟಲೆ ಮುಂದುವರಿದು ಕೊಳೆರೋಗ ಮರಳಿದರೆ ಎಳೆಯ ಗೊನೆಗಳಿಗೆ ಶೇ. 1ರ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ.) ಬೇಕಾದೀತು; ಹಣ್ಣಾದ ಗೊನೆಗಳನ್ನು ಮೊದಲು ಇಳಿಸಿಕೊಳ್ಳಿ. ರಬ್ಬರ್ ಟ್ಯಾಪಿಂಗ್‌ಗೆ ಅಪರಾಹ್ನದ ಮಳೆಯಿಂದ ದೊಡ್ಡ ತೊಡಕಿಲ್ಲ, ಹಾಲನ್ನು ಬೇಗ ಸಂಗ್ರಹಿಸಿದರೆ ಸಾಕು.

ಭತ್ತದ ತೆನೆಯಲ್ಲಿ ಶೇ. 80ರಿಂದ 85 ಕಾಳು ಹೊಂಬಣ್ಣಕ್ಕೆ ತಿರುಗಿದ್ದರೆ ಇನ್ನಷ್ಟು ಮಾಗಲೆಂದು ಕಾಯಬೇಡಿ. ಒರಗಿದ ಪೈರಿನ ತೆನೆ ನೀರಿನಲ್ಲಿ ಮೊಳಕೆಯೊಡೆಯುತ್ತದೆ, ಬೈಹುಲ್ಲೂ ಕೈತಪ್ಪುತ್ತದೆ.

ಗುಡುಗು ಮಳೆ ಒಂದು ಸಂಜೆಯ ಮಾತು. ಸಮುದ್ರದ ವಾಯುಭಾರ ಕುಸಿತ ಮೂರು ನಾಲ್ಕು ದಿನಗಳದ್ದು. 2019ರ ಅಕ್ಟೋಬರ್ ಕೊನೆಯಲ್ಲಿ ಅರಬ್ಬೀ ಸಮುದ್ರದಲ್ಲಿ ‘ಕ್ಯಾರ್’, ಅದರ ಬೆನ್ನಿಗೇ ‘ಮಹಾ’ ಚಂಡಮಾರುತಗಳು ಎದ್ದವು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ‘ಫೆಂಗಲ್’ ದುರ್ಬಲಗೊಂಡು ಪರ್ಯಾಯದ್ವೀಪವನ್ನು ದಾಟುವಾಗ ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಜಿಲ್ಲೆಗೂ ಭಾರಿ ಮಳೆ ತಂದಿತು. ಬಂಗಾಳ ಕೊಲ್ಲಿಯ ಸುದ್ದಿ ನಮಗೇಕೆಂದು ಬಿಡುವಂತಿಲ್ಲ. ಅಲ್ಲಿ ಕುಸಿತ ರೂಪುಗೊಂಡ ವಾರ್ತೆ ಬಂದರೆ ಹೊಸ ಕೊಯ್ಲನ್ನು ಕೆಲದಿನ ಮುಂದೂಡಿರಿ. ಹಣ್ಣಡಿಕೆ ಅಂಗಳದಲ್ಲಿ ಕೊಳೆಯುವುದಕ್ಕಿಂತ ಮರದಲ್ಲಿರುವುದು ಲೇಸು.

ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವವರಿಗೂ ಇದೇ ಎಚ್ಚರಿಕೆ. ತಡವಾದರೆ ಬೇಸಗೆಯ ನೀರು ಹರಿದುಹೋಗುತ್ತದೆ, ಅವಸರಪಟ್ಟರೆ ಘಟ್ಟದ ನೆರೆ ಹಲಗೆಯ ಮೇಲೆ ಹರಿದು ದಂಡೆ ಕೊರೆಯುತ್ತದೆ. ಚಾರ್ಮಾಡಿಯ ಕಡೆಯಿಂದ ಇಳಿಯುವ ತೊರೆಗಳಲ್ಲಿ, ಊರಿನಲ್ಲಿ ಹನಿ ಬೀಳದಿದ್ದರೂ ಸಂಜೆ ನೀರು ಏರಬಹುದು. ಗುರುವಾರದ ಮುನ್ನೋಟದಲ್ಲಿ ಕುಸಿತದ ಸೂಚನೆಯಿಲ್ಲದಿದ್ದರೆ ತಳದ ಹಲಗೆಗಳನ್ನು ಇಳಿಸಿ, ಮೇಲಿನವನ್ನು ಹಂತ ಹಂತವಾಗಿ ಸೇರಿಸುವುದು ಕ್ಷೇಮ. ತೋಟಕ್ಕೆ ಮೊದಲ ನೀರನ್ನೂ ಮಳೆ ನೋಡಿಯೇ ನಿರ್ಧರಿಸಿರಿ. ನವೆಂಬರ್–ಡಿಸೆಂಬರ್‌ನಲ್ಲಿ ಅಡಿಕೆಗೆ 7–8 ದಿನಗಳಿಗೊಮ್ಮೆ, ಮರಕ್ಕೆ ಸುಮಾರು 175 ಲೀಟರ್ ಸಾಕು.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಸಿಡಿಲಿನ ವಿಷಯವನ್ನು ಮರೆಯದೆ ತಿಳಿಸಬೇಕು. ಈಗ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರವಾದರೂ ವಿದ್ಯುತ್ ವಾಹಕ. ಗುಡುಗು ಕೇಳಿದ ಕೂಡಲೇ ದೋಟಿ ಕೆಳಗಿಳಿಸಬೇಕು, ವಿದ್ಯುತ್ ತಂತಿಯ ಸಮೀಪ ಯಾವ ಹವೆಯಲ್ಲೂ ಅದನ್ನು ಎತ್ತಬಾರದು. ‘ದಾಮಿನಿ’ ಆ್ಯಪ್ ಸುತ್ತಲಿನ 20ರಿಂದ 40 ಕಿ.ಮೀ. ವ್ಯಾಪ್ತಿಯ ಸಿಡಿಲಿನ ಮುನ್ನೆಚ್ಚರಿಕೆ ನೀಡುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ತೋಟಕ್ಕಾಗಲಿ, ಅಂಗಳದ ಟರ್ಪಾಲು ಸರಿಪಡಿಸಲಾಗಲಿ ಯಾರನ್ನೂ ಕಳುಹಿಸಬೇಡಿ.