ಕತ್ತಿ ಮಸೆದವರ ಚರಿತ್ರೆ

ಕನ್ನಡದಲ್ಲಿ ‘ಕತ್ತಿ ಮಸೆಯುವುದು’ ಎಂದರೆ ಹಗೆ ಸಾಧಿಸುವುದು. ಆದರೆ ದಿನವೂ ಅಡುಗೆಮನೆಯಲ್ಲಿ ಚೂರಿ ಹಿಡಿಯುವವರಿಗೆ ಮೊಂಡು ಚೂರಿಯ ಅಪಾಯ ಗೊತ್ತು. ಟೊಮೆಟೊ ಸಿಪ್ಪೆಯ ಮೇಲೆ ಅದು ಜಾರುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಒತ್ತಿದ ಬಲವೆಲ್ಲ ಬೆರಳಿನ ಮೇಲೆ ಬೀಳುತ್ತದೆ. ಹರಿತವನ್ನು ಹಗೆಗೆ ಗಂಟು ಹಾಕಿದ್ದು ನಮ್ಮ ನುಡಿಗಟ್ಟು. ಮಸೆಗಲ್ಲಿನ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ.

ಸಹೀಹ್ ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿ ಒಂದು ಮನೆಯೊಳಗಿನ ಪ್ರಸಂಗವಿದೆ. ಖುರ್ಬಾನಿಗೆ ಟಗರನ್ನು ತರಿಸಿದ ಪ್ರವಾದಿ(ಸ), ಚೂರಿ ತಂದು ಅದನ್ನು ಕಲ್ಲಿನ ಮೇಲೆ ಮಸೆಯುವಂತೆ ಹ. ಆಯಿಶಾ(ರ)ರಿಗೆ ಹೇಳುತ್ತಾರೆ. ಅವರು ಮಸೆದು ಕೊಡುತ್ತಾರೆ. ಕೊಯ್ಯುವವನು ಅಲಗನ್ನು ಹರಿತಗೊಳಿಸಿ ಪ್ರಾಣಿಯ ನೋವನ್ನು ಕಡಿಮೆ ಮಾಡಬೇಕು, ಅದರ ಕಣ್ಣೆದುರಿಗೇ ಚೂರಿ ಮಸೆಯಬಾರದು ಎಂಬ ಬೋಧನೆಗಳೂ ಹದೀಸ್‌ಗಳಲ್ಲಿವೆ. ಇಲ್ಲಿ ಹರಿತ ಎನ್ನುವುದು ಕರುಣೆಯ ಷರತ್ತು.

ಲೋಹವನ್ನು ಉಜ್ಜಿ ಹೊಳಪು ಕೊಡುವವನಿಗೆ ಅರಬಿಯಲ್ಲಿ ‘ಸೈಖಲ್’ ಎನ್ನುತ್ತಾರೆ. ತುಕ್ಕು ಹಿಡಿದ ಹೃದಯವನ್ನು ದೇವಸ್ಮರಣೆಯಿಂದ ಉಜ್ಜುವುದಕ್ಕೂ ಸೂಫಿಗಳು ಇದೇ ಪದದ ಬಳಗವನ್ನು ಬಳಸಿದರು. ಫಾರಸಿಯ ‘ಗರ್’ ಸೇರಿ ಅದು ಸೈಖಲ್‌ಗರ್ ಆಯಿತು. ದಖ್ಖನಿನ ಬಾಯಲ್ಲಿ ಶಿಕಲಗಾರ ಆಯಿತು. ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆ ಇದು ಇಂದಿಗೂ ಮನೆತನದ ಹೆಸರು. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಸಾಣೆಚಕ್ರವನ್ನು ಒಬ್ಬರು ಪಟ್ಟಿ ಎಳೆದು ತಿರುಗಿಸಿದರೆ, ಇನ್ನೊಬ್ಬರು ಅದಕ್ಕೆ ಖಡ್ಗವನ್ನು ಒಡ್ಡುತ್ತಿದ್ದರು.

ಮುಂದೆ ಅರಸರ ಸೈನ್ಯಗಳು ಕರಗಿದವು. 1878ರ ಶಸ್ತ್ರಾಸ್ತ್ರ ಕಾಯ್ದೆಯು ಪರವಾನಗಿ ಇಲ್ಲದೆ ಆಯುಧ ಮಾಡುವುದನ್ನೂ ಮಾರುವುದನ್ನೂ ಅಪರಾಧವಾಗಿಸಿತು. ಖಡ್ಗಕ್ಕೆ ತಿರುಗಿದ ಚಕ್ರ ಈಳಿಗೆ, ಕತ್ತರಿ, ಚೂರಿಗಳಿಗೆ ತಿರುಗತೊಡಗಿತು. ರಣರಂಗ ಬಿಟ್ಟು ಅಡುಗೆಮನೆಗೆ ಬಂದ ಕಸುಬನ್ನು ಪತನವೆನ್ನಲು ನನಗೆ ಮನಸ್ಸಿಲ್ಲ. ಆದರೆ ಚಕ್ರವನ್ನು ಹೆಗಲಿಗೇರಿಸಿ ಬೀದಿ ಬೀದಿ ಅಲೆದವರ ಹೊಟ್ಟೆಪಾಡು ಹಗುರವಾಗಿರಲಿಲ್ಲ.

ಅತ್ತ ಅಮೆರಿಕದಲ್ಲಿ ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಒಂದು ಗಡಸು ಹರಳನ್ನು ಪಡೆದ. ಅದು ಕಾರ್ಬನ್ ಮತ್ತು ಕೊರಂಡಮ್ ಸೇರಿ ಆದದ್ದೆಂದು ತಪ್ಪಾಗಿ ತಿಳಿದು ಕಾರ್ಬೊರಂಡಮ್ ಎಂದು ಹೆಸರಿಟ್ಟ. ಕೊರಂಡಮ್ ಎಂದರೆ ನಮ್ಮ ಕುರುಂದವೇ. ಆ ಪದ ದಕ್ಷಿಣ ಭಾರತದಿಂದಲೇ ಇಂಗ್ಲಿಷಿಗೆ ಹೋದದ್ದು. ಹೆಸರು ಬದಲಿಸಿಕೊಂಡು ಅದು ಮರಳಿ ಬಂತು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪೆನಿ ಆರಂಭವಾಯಿತು. ಒಂದು ಮುಖ ಒರಟು, ಇನ್ನೊಂದು ನಯವಾದ ಮಸೆಗಲ್ಲು ಇಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಅದನ್ನು ಬಳಸುವುದು ಕಷ್ಟವಲ್ಲ. ಕಲ್ಲನ್ನು ನೀರಿನಲ್ಲಿ ನೆನೆಸಿ, ಜಾರದಂತೆ ಒದ್ದೆ ಬಟ್ಟೆಯ ಮೇಲಿಡಬೇಕು. ಚೂರಿಯ ಬೆನ್ನನ್ನು ಸುಮಾರು 20 ಡಿಗ್ರಿ ಎತ್ತಿ, ಆ ಓರೆ ಬದಲಾಗದಂತೆ ಮೊದಲು ಒರಟು ಮುಖದ ಮೇಲೆ ಉಜ್ಜಬೇಕು. ಅಲಗಿನ ಆಚೆ ಬದಿಯಲ್ಲಿ ಉಕ್ಕಿನ ತೆಳ್ಳನೆಯ ಎಳೆ ತರಿತರಿಯಾಗಿ ತಾಗಿದರೆ ಮಗ್ಗುಲು ಬದಲಿಸಬೇಕು. ಕೊನೆಗೆ ನಯವಾದ ಮುಖದ ಮೇಲೆ ಹಗುರಾಗಿ ಉಜ್ಜಿದರೆ ಆ ಎಳೆ ಹೋಗಿ ಅಲಗು ಸಿದ್ಧವಾಗುತ್ತದೆ. ಇಲ್ಲಿ ಬೇಕಾದದ್ದು ಬಲಕ್ಕಿಂತ ತಾಳ್ಮೆ.

ಈಗ ಮೊಂಡಾದ ಚೂರಿಯನ್ನು ಎಸೆದು ಹೊಸದನ್ನು ಕೊಳ್ಳುವವರೇ ಹೆಚ್ಚು. ಸಾಣೆಯವರ ನೆನಪಾಗುವುದು ಬಕ್ರೀದ್ ಹತ್ತಿರವಾದಾಗ. ಎಷ್ಟೋ ಶಿಕಲಗಾರರ ಮನೆಗಳಲ್ಲಿ ಚಕ್ರ ಹೋಗಿ ಹೆಸರಷ್ಟೇ ಉಳಿದಿದೆ. ಆ ಕಸುಬಿನ ಒಂದು ಚೂರನ್ನಾದರೂ ನಮ್ಮ ಕೈಯಲ್ಲಿ ಉಳಿಸಿಕೊಳ್ಳಲು ಒಂದು ಕಲ್ಲು, ಒಂದು ಬಟ್ಟಲು ನೀರು, ಹತ್ತು ನಿಮಿಷ ಸಾಕು.